ನುಂಗಿ ಬೆಳೆದವಳು ಅಗಿಯಲು ಕಲಿತದ್ದು

ನಮ್ಮ ಮಂಡ್ಯ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬಿಸಿ ಮುದ್ದೆಯಿಂದ ಒಂದು ತುತ್ತು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಲ್ಲಿ ಅದ್ದಿ, ಬಾಯಿಗಿಟ್ಟ ತಕ್ಷಣ ಗುಳುಂ ಅಂತ ನುಂಗುತ್ತಾರೆ. ಹಲ್ಲಿಗೆ ತಾಗಿದರೆ ಅಂಟಿಕೊಳ್ಳುತ್ತದೆ. ಚಿಕ್ಕ ಮಕ್ಕಳಿಗೆ ಮುದ್ದೆ ತಿನ್ನಿಸುವಾಗ ದೊಡ್ಡವರು ಮೊದಲು ಹೇಳಿಕೊಡುವುದೇ "ಅಗೀಬೇಡ, ನುಂಗು" ಅಂತ. ನಾನೂ ಹಾಗೇ ಬೆಳೆದವಳು. ನಲವತ್ತು ದಾಟಿದ ಮೇಲೆ ತೂಕ ಇಳಿಸುವ ಆಪರೇಷನ್ ಆಯಿತು. ಆಮೇಲೆ ಡಯಟೀಷಿಯನ್ ಎದುರು ಕೂತಾಗ ಅವರು ಹೇಳಿದ್ದು ಪೂರಾ ಉಲ್ಟಾ. "ಇನ್ನು ಯಾವುದನ್ನೂ ಹಾಗೇ ನುಂಗಬೇಡಿ. ಬಾಯಲ್ಲೇ ಗಂಜಿಯಾಗುವ ತನಕ ಅಗಿಯಿರಿ."

ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡೆ ಅಂದರೆ ಜನ ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ. ಎಷ್ಟು ಖರ್ಚಾಯ್ತು, ಎಷ್ಟು ಕೆಜಿ ಇಳಿದ್ರಿ. ಗಟ್ಟಿ ಊಟ ಮತ್ತೆ ಶುರುವಾದಾಗ ಹೇಗಿತ್ತು ಅಂತ ಯಾರೂ ಕೇಳಿಲ್ಲ. ನನ್ನ ಮಟ್ಟಿಗೆ ಕಷ್ಟದ ಭಾಗ ಅದೇ. ಆಪರೇಷನ್ ಹೊತ್ತಿಗೆ ನಾನು ಮಾಡಬೇಕಾದ್ದು ಏನೂ ಇರಲಿಲ್ಲ, ಸುಮ್ನೆ ಮಲಗಿದ್ದೆ. ಊಟದ ವಿಷಯದಲ್ಲಿ ಮಾತ್ರ ನಾನೇ ಕಲಿಯಬೇಕಿತ್ತು. ನನ್ನ ಜೊತೆ ಮನೆಯವರೆಲ್ಲ ಕಲಿಯಬೇಕಿತ್ತು.

ನನಗೆ ಆದದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಶುರುವಿನಲ್ಲಿ ಅದು ಹಿಡಿಯುವುದು ಸುಮಾರು 100ರಿಂದ 150 ಮಿಲಿ. ತೆಗೆದ ಭಾಗದಲ್ಲೇ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಲವರಿಗೆ ಹಸಿವೇ ಆಗುವುದಿಲ್ಲ. ಇದನ್ನು ಓದಿ ತಿಳಿದುಕೊಂಡೇ ಒಳಗೆ ಹೋಗಿದ್ದೆ. ಆದರೂ ಒಂದು ಬೆಳಿಗ್ಗೆ ಪಕ್ಕದ ಮನೆಯ ಒಗ್ಗರಣೆ ವಾಸನೆ ಮೂಗಿಗೆ ಬಡಿದು, ಹೊಟ್ಟೆಯಲ್ಲಿ ಏನೂ ಆಗದೇ ಇದ್ದಾಗ ವಿಚಿತ್ರ ಸಂಕಟವಾಯಿತು. ಹಸಿವು ನನಗೆ ಯಾವತ್ತೂ ಕಾಟ ಕೊಟ್ಟದ್ದೇ. ಆದರೆ ಅದು ಇಲ್ಲವಾದಾಗ ಹತ್ತಿರದವರು ಯಾರೋ ಹೇಳದೆ ಊರು ಬಿಟ್ಟು ಹೋದ ಹಾಗಿತ್ತು.

ಮೊದಲ ವಾರಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಎಳನೀರು, ಬೇಳೆ ಕಟ್ಟು, ಸೋಸಿದ ಸೂಪು, ನೀರು ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು. ಆಮೇಲೆ ತೆಳ್ಳಗೆ ಅಂಬಲಿ, ರುಬ್ಬಿದ ಬೇಳೆ, ನುಣ್ಣಗೆ ಹಿಸುಕಿದ ತರಕಾರಿ. ಗುಟುಕು ಗುಟುಕಾಗಿ ಕುಡಿಯುವುದು ಬೇಸರದ ಕೆಲಸ, ಆದರೆ ಗೊಂದಲ ಇಲ್ಲ. ಇದು ಕುಡಿ, ಅದು ಬೇಡ, ಅಷ್ಟೇ. ಸಾಮಾನ್ಯವಾಗಿ ಆರರಿಂದ ಎಂಟು ವಾರದ ಹೊತ್ತಿಗೆ ಗಟ್ಟಿ ಆಹಾರಕ್ಕೆ ಬರುತ್ತಾರೆ. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಲೆಕ್ಕ, ನಿಮ್ಮ ಡಾಕ್ಟರ್ ಹೇಳಿದ್ದೇ ನಿಮಗೆ ಸರಿ.

ಗಟ್ಟಿಯ ಕಡೆಗೆ ನನ್ನ ಮೊದಲ ಹೆಜ್ಜೆ ಮೊಟ್ಟೆ. ಅಮ್ಮ ಅದನ್ನು ಬೇಯಿಸಿ, ಸಿಪ್ಪೆ ಸುಲಿದು, ಪುಟ್ಟ ಸ್ಟೀಲ್ ತಟ್ಟೆಯಲ್ಲಿಟ್ಟು, ಮೇಲೆ ಚಿಟಿಕೆ ಉಪ್ಪು, ಮೆಣಸಿನಪುಡಿ ಉದುರಿಸಿ ತಂದುಕೊಟ್ಟರು. ಕೈಯಲ್ಲಿ ನನ್ನ ಮಗಳು ಮಗುವಾಗಿದ್ದಾಗ ಬಳಸುತ್ತಿದ್ದ ಚಮಚ. ಬಿಳಿಭಾಗದಲ್ಲಿ ಉಗುರಿನಷ್ಟು ತುಂಡು ತೆಗೆದು ಬಾಯಿಗಿಟ್ಟೆ. ಅಗಿದೆ. ಎರಡನೆಯದು. ಮೂರನೆಯದು. ರುಚಿ ನಾಲಿಗೆಗೆ ಹತ್ತಿಬಿಟ್ಟಿತ್ತು, ಎಷ್ಟೋ ದಿನದ ಮೇಲೆ ಹಲ್ಲಿಗೆ ಕೆಲಸ ಸಿಕ್ಕಿತ್ತು. ನಾಲ್ಕನೇ ತುಂಡು ಒಳಗಿಳಿದ ಮೇಲೆ ಎದೆಯ ನಡುವೆ ಯಾರೋ ಹೆಬ್ಬೆರಳು ಒತ್ತಿಹಿಡಿದಂತೆ ಆಯಿತು. ಬಾಯಿ ತುಂಬ ಲೋಳೆ ಜೊಲ್ಲು ಬರತೊಡಗಿತು. ಮೂಗಲ್ಲಿ ನೀರು. ಕೂರಲಾಗದೆ ಎದ್ದು ನಡುಮನೆಯಲ್ಲಿ ಅತ್ತಿಂದಿತ್ತ ನಡೆದೆ. ಅಮ್ಮ ಗಾಬರಿಯಾಗಿ ನೀರಿನ ಲೋಟ ಹಿಡಿದು ಹಿಂದೆಯೇ ಬಂದರು. ಆ ಹೊತ್ತಲ್ಲಿ ನೀರು ಕುಡಿಯಬಾರದು. ಕೆಳಗೆ ದಾರಿ ಕಟ್ಟಿರುವಾಗ ಮೇಲಿಂದ ನೀರು ಸುರಿದರೆ ವಾಂತಿಯೇ ಆಗುವುದು. ಸ್ವಲ್ಪ ಹೊತ್ತಿಗೆ ತಾನಾಗೇ ಸರಿಹೋಯಿತು. ಉಳಿದ ಮೊಟ್ಟೆ ತಟ್ಟೆಯಲ್ಲೇ ಉಳಿಯಿತು.

ಈ ಅನುಭವ ಹೆಚ್ಚುಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಸಲ ಆಗುತ್ತದೆ. ದೊಡ್ಡ ತುತ್ತು, ಅವಸರ, ಒಣ ಪದಾರ್ಥ. ಈ ಮೂರರಲ್ಲಿ ಒಂದು ಇದ್ದರೂ ಸಾಕು. ಹೊಟ್ಟೆ ತುಂಬಿತು ಅನ್ನುವ ಸೂಚನೆಯೂ ಈಗ ಬೇರೆ ಜಾಗದಿಂದ ಬರುತ್ತದೆ. ಮೊದಲು ಸೊಂಟದ ಹತ್ತಿರ ಬಿಗಿಯಾದಾಗ ಗೊತ್ತಾಗುತ್ತಿತ್ತು. ಈಗ ಒಂದು ಬಿಕ್ಕಳಿಕೆ, ಒಂದು ಸೀನು, ಮೂಗಲ್ಲಿ ಸೋರುವ ನೀರು, ಎದೆಗೂಡಿನ ಕೆಳಗೆ ಸಣ್ಣ ಒತ್ತಡ. ಕೆಲವರಿಗೆ ಸೀನು ಬರುತ್ತದೆ, ಕೆಲವರಿಗೆ ನಿಟ್ಟುಸಿರು. ನನಗೆ ಬಿಕ್ಕಳಿಕೆ. ಅದು ಬಂದಾಗ ಕೈಯಲ್ಲಿರುವ ತುತ್ತನ್ನೂ ಬಿಡಬೇಕು. ಬಾಯಲ್ಲಿ ಹೇಳೋಕೆ ಸುಲಭ, ಕೈಯಲ್ಲಿ ಆಗೋದು ಕಷ್ಟ. ತಟ್ಟೆಯಲ್ಲಿ ಅನ್ನ ಬಿಟ್ಟರೆ ಪಾಪ ಅಂತ ಕೇಳುತ್ತಾ ಬೆಳೆದವರು ನಾವು. ಅದಕ್ಕೇ ನಾನು ಬಡಿಸಿಕೊಳ್ಳುವುದನ್ನೇ ಕಡಿಮೆ ಮಾಡಿದೆ. ಒಂದು ಸಣ್ಣ ಬಟ್ಟಲು. ಬೇಕಾದರೆ ಮತ್ತೆ ಹಾಕಿಕೊಂಡರಾಯಿತು.

ಅನ್ನದ ವಿಷಯ ನನಗೆ ಆಶ್ಚರ್ಯ. ಮೆತ್ತಗಿರುವುದೆಲ್ಲ ಸಲೀಸು ಅಂದುಕೊಂಡಿದ್ದೆ. ಹಾಗಲ್ಲ. ಮುದ್ದೆಯಾದ ಅನ್ನ, ಮೆತ್ತನೆ ಚಪಾತಿ, ಬ್ರೆಡ್ಡು ಇವು ಅಗಿದಷ್ಟೂ ಹಿಟ್ಟಿನಂತೆ ಕೂಡಿಕೊಂಡು, ಒಳಗೆ ಹೋಗಿ ಗಟ್ಟಿ ಉಂಡೆಯಾಗಿ ಕೂರುತ್ತವೆ. ಮೆತ್ತನೆ ಚಪಾತಿಗಿಂತ ತೆಳ್ಳಗೆ ಗರಿಗರಿ ಹುಯ್ದ ದೋಸೆ ನನಗೆ ಮೊದಲು ಒಗ್ಗಿತು. ಇಡ್ಲಿ ಅರ್ಧ, ಅದೂ ನಿಧಾನಕ್ಕೆ. ನಾರು ಜಾಸ್ತಿ ಇರುವ ನುಗ್ಗೇಕಾಯಿ, ದಂಟು, ಬಲಿತ ಹುರುಳಿಕಾಯಿ ಬಹಳ ದಿನ ದೂರ ಇದ್ದವು. ಕಿತ್ತಳೆ ತೊಳೆಯ ಮೇಲಿನ ಪೊರೆಯೂ ಅಷ್ಟೇ. ಮಾಂಸದಲ್ಲಿ ನಾಟಿ ಕೋಳಿ ಆಗಲೇ ಇಲ್ಲ, ಬಹಳ ಗಟ್ಟಿ. ಕೈಮಾ ಚೆನ್ನಾಗಿ ಬೇಯಿಸಿ ತೇವ ಇರುವ ಹಾಗೆ ಮಾಡಿದರೆ ಇಳಿಯುತ್ತಿತ್ತು. ಮೀನು ಎಲ್ಲಕ್ಕಿಂತ ಸಲೀಸು. ನೆನ್ನೆ ಒಗ್ಗಿದ್ದು ಇವತ್ತು ಒಗ್ಗದೇ ಇರಬಹುದು. ಅದಕ್ಕೆ ಕಾರಣ ಹುಡುಕುತ್ತಾ ಕೂತರೆ ತಲೆ ಕೆಡುತ್ತದೆ. ಎರಡು ವಾರ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು.

ಮತ್ತೆ ನೀರು. ನಮ್ಮಲ್ಲಿ ಊಟಕ್ಕೆ ಕೂತವರ ಮುಂದೆ ಮೊದಲು ಇಡುವುದೇ ನೀರಿನ ಲೋಟ. ಈಗ ಊಟದ ಜೊತೆ ನೀರಿಲ್ಲ, ಊಟ ಆದ ಮೇಲೆ ಅರ್ಧ ಗಂಟೆಯ ತನಕವೂ ಇಲ್ಲ. ಇರುವ ಪುಟ್ಟ ಜಾಗವನ್ನು ನೀರೇ ತುಂಬಿಬಿಟ್ಟರೆ ಅನ್ನಕ್ಕೆ ಜಾಗ ಎಲ್ಲಿ? ಹಾಗಂತ ನೀರು ಕಡಿಮೆ ಮಾಡುವ ಹಾಗಿಲ್ಲ, ದಿನಕ್ಕೆ ಒಂದೂವರೆ ಎರಡು ಲೀಟರ್ ಹೋಗಲೇಬೇಕು. ಊಟಗಳ ನಡುವಿನ ಹೊತ್ತಲ್ಲಿ ಗುಟುಕರಿಸುತ್ತಲೇ ಇರಬೇಕು. ಕೊನೆಯಲ್ಲಿ ಮಜ್ಜಿಗೆ ಅನ್ನ ಉಂಡು ಏಳುವ ಅಭ್ಯಾಸವೂ ಹೋಯಿತು. ಮಜ್ಜಿಗೆ ಈಗ ನನಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ.

ಆಸ್ಪತ್ರೆಯಲ್ಲಿ ಕೊಟ್ಟ ಡಯಟ್ ಚಾರ್ಟ್ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಪುಟ. ಕಾಟೇಜ್ ಚೀಸ್, ಗ್ರೀಕ್ ಯೋಗರ್ಟ್, ಟ್ಯೂನಾ, ಸುಟ್ಟ ಕೋಳಿ ಎದೆ. ನಮ್ಮ ಅಡುಗೆಮನೆಯಲ್ಲಿ ಇರುವ ಒಂದು ಪದಾರ್ಥದ ಹೆಸರೂ ಅದರಲ್ಲಿ ಇರಲಿಲ್ಲ. ಅಡುಗೆ ಮಾಡುವವರು ಅಮ್ಮ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬಸ್ಸಾರು ತಿನ್ನಬಹುದಾ, ಮಸ್ಸೊಪ್ಪು ಯಾವಾಗಿಂದ, ಹುರುಳಿಕಾಳಿನ ಸಾರು ಸರಿಯಾ? ಈ ಪ್ರಶ್ನೆಗಳಿಗೆ ಆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಕರ್ನಾಟಕದಲ್ಲೇ ಆಪರೇಷನ್ ಮಾಡುವವರು ಕರ್ನಾಟಕದ ಊಟದ ಪಟ್ಟಿ ಕೊಡಬೇಕು. ಇದು ದೊಡ್ಡ ಬೇಡಿಕೆ ಅಲ್ಲ ಅಲ್ವಾ? ಹಳೇ ಮೈಸೂರಿನವರಿಗೆ ಮುದ್ದೆ, ಉತ್ತರದ ಕಡೆಯವರಿಗೆ ಜೋಳದ ರೊಟ್ಟಿ, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಮೀನು. ಒಂದೇ ಹಾಳೆ ಎಲ್ಲರಿಗೂ ಸಾಲದು.

ಕೊನೆಗೆ ನಾನು, ಅಮ್ಮ ಕೂತು ನಮ್ಮದೇ ಪಟ್ಟಿ ಬರೆದೆವು. ನೋಟ್‌ಬುಕ್ಕಿನ ಎಡಪುಟದಲ್ಲಿ ನಾವು ವಾರವೆಲ್ಲ ಮಾಡುವ ಅಡುಗೆ. ಬಲಪುಟ ಖಾಲಿ. ಅದನ್ನು ಡಯಟೀಷಿಯನ್ ಮುಂದೆ ಇಟ್ಟೆ. ಅವರು ಬಹಳ ಆಸಕ್ತಿಯಿಂದ ಒಂದೊಂದನ್ನೂ ಓದಿ ಪಕ್ಕದಲ್ಲಿ ಬರೆದುಕೊಟ್ಟರು. ಹುರುಳಿಕಾಳು ಈಗ ಬೇಡ, ಸಿಪ್ಪೆ ಗಟ್ಟಿ. ಹೆಸರುಬೇಳೆ ಆಗಬಹುದು. ಸೊಪ್ಪು ಬೇಳೆ ಜೊತೆ ಮಸೆದರೆ ಸರಿ, ಕಾಯಿ ಕಡಿಮೆ ಇರಲಿ. ತಿಳಿಸಾರು ಉಂಡು ಹೊಟ್ಟೆ ತುಂಬಿಸಿಕೊಳ್ಳಬೇಡಿ.

ಆ ಕೊನೇ ಸಾಲು ಅಮ್ಮನಿಗೆ ಬೇಜಾರು ತರಿಸಿತು. ಆದರೆ ಲೆಕ್ಕ ಹಾಕಿದಾಗ ಅರ್ಥವಾಯಿತು. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, 80ರ ತನಕ ಹೇಳುತ್ತಾರೆ. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಿನಲ್ಲಿ 6–7. ಪನೀರ್ 100 ಗ್ರಾಂ ತಿಂದರೆ 18ರ ಆಸುಪಾಸು. ರಾಗಿಹಿಟ್ಟು 100 ಗ್ರಾಮಿಗೆ ಸುಮಾರು 7. ರಾಗಿಯಲ್ಲಿ ಸುಣ್ಣದ ಅಂಶ ಬೇಕಾದಷ್ಟಿದೆ, ಪ್ರೋಟೀನ್ ಅಷ್ಟಿಲ್ಲ. ತೊಗರಿಬೇಳೆಯಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಆದರೆ ಒಂದು ಹಿಡಿ ಬೇಳೆಗೆ ಒಂದು ಪಾತ್ರೆ ನೀರು ಹಾಕಿ ಸಾರು ಮಾಡಿದರೆ ನನ್ನ ಬಟ್ಟಲಿಗೆ ಬರುವುದೆಷ್ಟು? ಊಟದ ಕ್ರಮವೇ ತಿರುಗಿತು. ಮೊದಲು ಮೊಟ್ಟೆಯೋ ಮೀನೋ ಗಟ್ಟಿಬೇಳೆಯೋ. ಆಮೇಲೆ ತರಕಾರಿ. ಜಾಗ ಉಳಿದರೆ ಅನ್ನ. ಸಾಮಾನ್ಯವಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಅನ್ನ, ಮುದ್ದೆಯೇ ಊಟ. ಉಳಿದದ್ದೆಲ್ಲ ನಂಚಿಕೊಳ್ಳೋಕೆ. ಈಗ ನಂಚಿಕೊಳ್ಳುವುದೇ ಊಟವಾಯಿತು.

ಆ ವರ್ಷ ಚಳಿಗಾಲದಲ್ಲಿ ಅವರೆಕಾಯಿ ಬಂತು. ಸೊಗಡು ತುಂಬಿದ ಅವರೆ ಬಂದ ಮೇಲೆ ನಮ್ಮ ಮನೆಯಲ್ಲಿ ಸಂಕ್ರಾಂತಿ ಮುಗಿಯುವ ತನಕ ಬೇರೆ ಸಾರು ಮಾಡುವುದಿಲ್ಲ. ಕಾಳಿನ ಸಿಪ್ಪೆ ನನಗೆ ಆಗದು ಅಂತ ಗೊತ್ತಿತ್ತು. ಅಮ್ಮ ಏನೂ ಮಾತಾಡಲಿಲ್ಲ. ರಾತ್ರಿ ಕಾಳು ನೆನೆಹಾಕಿದರು. ಬೆಳಿಗ್ಗೆ ವರಾಂಡದಲ್ಲಿ ಕಾಲು ಚಾಚಿ ಕೂತು ಹಿತುಕತೊಡಗಿದರು. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಕಾಳು. ಸಣ್ಣಗೆ ಒತ್ತಿದರೆ ನುಣ್ಣನೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಪಕ್ಕಕ್ಕೆ ಒರೆಸಿ ಮುಂದಿನ ಕಾಳು. ಎಲ್ಲರಿಗೂ ಆಗುವಷ್ಟು ಹಿತಕಬೇಳೆ ತೆಗೆಯಲು ಹೊತ್ತು ಬೇಕು. ನಾನೂ ಕೂತೆ. ಸಾರಿಗೆ ಮಸಾಲೆ ಕಡಿಮೆ, ಕಾಯಿ ಕಡಿಮೆ, ಬೇಳೆ ಚೆನ್ನಾಗಿ ಬೆಂದಿರಬೇಕು. ಅವತ್ತು ಪುಟ್ಟ ಬಟ್ಟಲಲ್ಲಿ ಬರೀ ಬೇಳೆಯನ್ನೇ ಚಮಚದಲ್ಲಿ ತೆಗೆದು ತಿಂದೆ. ಒಂದೊಂದು ಚಮಚಕ್ಕೂ ಸಾಕಷ್ಟು ಅಗಿದೆ. ಬಾಯಲ್ಲಿ ಅಷ್ಟು ಹೊತ್ತು ಇಟ್ಟುಕೊಂಡಾಗ ಅವರೆಯ ಸೊಗಡಿನ ಹಿಂದೆ ಒಂದು ಸಣ್ಣ ಸಿಹಿ ಇದೆ ಅಂತ ಗೊತ್ತಾಯಿತು. ಇಷ್ಟು ವರ್ಷ ತಿಂದಿದ್ದೇನೆ, ಆ ಸಿಹಿ ನಾಲಿಗೆಗೆ ಸಿಕ್ಕಿರಲಿಲ್ಲ.

ಮುದ್ದೆಯ ಕಥೆ ಏನಾಯಿತು ಅಂತ ಕೇಳಬಹುದು. ರಾಗಿ ಬಿಟ್ಟಿಲ್ಲ. ಅಂಬಲಿ ಕುಡಿಯುತ್ತೇನೆ, ರಾಗಿ ದೋಸೆ ತಿನ್ನುತ್ತೇನೆ. ಮುದ್ದೆ ಮಾತ್ರ ಯಾವಾಗಲೋ ಒಮ್ಮೆ, ನೆಲ್ಲಿಕಾಯಿ ಗಾತ್ರ, ಮಸ್ಸೊಪ್ಪಿನಲ್ಲಿ ಪೂರಾ ಕಿವುಚಿ. ಅದನ್ನು ನಮ್ಮಪ್ಪ ನೋಡಿದ್ದರೆ ಮುದ್ದೆ ಅಂತ ಒಪ್ಪುತ್ತಿರಲಿಲ್ಲ.

ಮನೆಯ ಒಳಗೆ ಹೀಗೆ ದಾರಿ ಸಿಕ್ಕಿತು. ಹೊರಗೆ ಕಷ್ಟ. ನಮ್ಮ ಜನ ಪ್ರೀತಿ ತೋರಿಸುವುದೇ ಬಡಿಸಿ. "ಇನ್ನೊಂಚೂರು", "ನಮ್ಮನೆ ಊಟ ಹಿಡಿಸ್ಲಿಲ್ವಾ", "ಸಂಕೋಚ ಮಾಡ್ಕೋಬೇಡಿ". ಒಂದು ನಾಮಕರಣದಲ್ಲಿ ನಾನು ಎಲೆಗೆ ಕೈ ಅಡ್ಡ ಹಿಡಿದರೂ ನಾದಿನಿಯ ಅತ್ತೆ ಬಿಡದೆ ಬಿಸಿಬೇಳೆಭಾತ್ ಸುರಿದೇಬಿಟ್ಟರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಮನೆಗೆ ಬಂದವಳು ಹಸಿದು ಹೋಗಬಾರದು ಅನ್ನುವುದು ಅವರ ಮನಸ್ಸು. ಆದರೆ ಆಪರೇಷನ್ ಆದವರಿಗೆ ಆ ಒಂದು ಸೌಟು ಸಂಕಟವಾಗಿ ಕೂರುತ್ತದೆ ಅಂತ ಎಲ್ಲರಿಗೂ ಗೊತ್ತಾಗಬೇಕು. ಈಗ ನಾನು ಮದುವೆಗೆ ಹೋಗುವ ಮುಂಚೆ ಮನೆಯಲ್ಲೇ ಮೊಟ್ಟೆಯೋ ಪನೀರೋ ತಿಂದು ಹೋಗುತ್ತೇನೆ. ಎಲೆಯ ಮುಂದೆ ಕೂರುತ್ತೇನೆ. ಪಲ್ಯ, ಹೆಸರುಬೇಳೆ ಕೋಸಂಬರಿ ಹಾಕಿಸಿಕೊಂಡು ಪಂಕ್ತಿ ಏಳುವ ತನಕ ಅಗಿಯುತ್ತಾ ಇರುತ್ತೇನೆ. ಪಕ್ಕದವರ ಜೊತೆ ಮಾತಾಡಲು ಬೇಕಾದಷ್ಟು ಸಮಯ.

ಅಮ್ಮ ಶುರುವಿನಲ್ಲಿ ಬಹಳ ನೊಂದುಕೊಂಡರು. "ಎರಡು ತುತ್ತಿಗೇ ಸಾಕು ಅಂದ್ರೆ ನಂಗೆಂಗವ್ವ ಗಂಟಲಲ್ಲಿ ಇಳಿಯತ್ತೆ?" ಅನ್ನುತ್ತಿದ್ದರು. ಮಗಳಿಗೆ ಹೊಟ್ಟೆತುಂಬ ಬಡಿಸುವುದೇ ಅವರಿಗೆ ತೃಪ್ತಿ. ಅದನ್ನು ನಾನು ಕಿತ್ತುಕೊಂಡ ಹಾಗಾಗಿತ್ತು. ಯಾವಾಗಿಂದ ಬದಲಾಯಿತೋ ತಿಳಿಯದು. ಒಂದು ದಿನ ಗಮನಿಸಿದೆ, ಅವರು "ಇನ್ನೊಂಚೂರು ಹಾಕ್ಲಾ?" ಅನ್ನುವುದನ್ನು ಬಿಟ್ಟಿದ್ದರು. ಈಗ ಕೇಳುವುದು "ಇಳೀತಾ?" ಅಂತ.

ಇದನ್ನೆಲ್ಲ ನೋಡದವರು ಸರ್ಜರಿಯನ್ನು ಶಾರ್ಟ್‌ಕಟ್ ಅನ್ನುತ್ತಾರೆ. ವಾಕಿಂಗ್ ಮಾಡಿದ್ರೆ ಆಗ್ತಿರ್ಲಿಲ್ವಾ ಅನ್ನುತ್ತಾರೆ. ನನಗೆ ಶುಗರ್ ಇತ್ತು, ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತಿತ್ತು. ಬೊಜ್ಜು ಒಂದು ಕಾಯಿಲೆ ಅಂತಲೇ ವೈದ್ಯಲೋಕ ಈಗ ನೋಡುತ್ತದೆ. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಟನೆಗಳು ಮಾರ್ಗಸೂಚಿ ಬದಲಿಸಿದಾಗ, ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 27.5ರಿಂದಲೇ ಸರ್ಜರಿ ಪರಿಗಣಿಸಬಹುದು ಅಂದವು. ನಮ್ಮ ದೇಹಕ್ಕೆ ಕಡಿಮೆ ತೂಕದಲ್ಲೇ ಶುಗರ್, ಹೃದಯದ ತೊಂದರೆ ಬರುತ್ತದೆ ಅನ್ನುವುದು ಅದಕ್ಕೆ ಕಾರಣ. ಎಲ್ಲರೂ ಮಾಡಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮಾಡಿಸಿಕೊಂಡವರನ್ನು ಸೋಮಾರಿಗಳು ಅನ್ನಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ವರ್ಷ ಕಳೆದ ಮೇಲೆ ಬೇರೆ ಥರದ ಪರೀಕ್ಷೆ ಎದುರಾಗುತ್ತದೆ. ಹಸಿವು ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರುತ್ತದೆ. ಆಫೀಸಿನಲ್ಲಿ ನಾಲ್ಕು ಗಂಟೆಯ ಟೀ ಜೊತೆ ಮಿಕ್ಸ್‌ಚರ್, ನಿಪ್ಪಟ್ಟು, ಬಿಸ್ಕತ್ತು ಬರುತ್ತವೆ. ಇವು ಯಾವುವೂ ಎದೆಯಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ! ಕೋಳಿ ತುಂಡು ನಾಲ್ಕಕ್ಕೇ ನಿಲ್ಲಿಸುತ್ತದೆ. ಕುರುಕಲು ತಿಂಡಿ ಜೊಲ್ಲಿನಲ್ಲಿ ಕರಗಿ ಸಲೀಸಾಗಿ ಜಾರುತ್ತದೆ, ಬೇಗ ಖಾಲಿಯಾಗುತ್ತದೆ, ಮತ್ತೆ ಜಾಗ ಮಾಡಿಕೊಡುತ್ತದೆ. ಚಿಕ್ಕ ಹೊಟ್ಟೆಯಲ್ಲೇ ಸಂಜೆಯೆಲ್ಲ ಬಾಯಾಡಿಸಬಹುದು. ತೂಕ ವಾಪಸ್ ಬಂದ ಎಷ್ಟೋ ಜನರ ಕಥೆ ಇಲ್ಲಿಂದಲೇ ಶುರು. ಗಟ್ಟಿ ಊಟ ಕಷ್ಟ ಅಂತ ಹೆದರಿ ಮೆತ್ತನೆಯದಕ್ಕೆ, ಕುಡಿಯುವುದಕ್ಕೆ ಮರಳಿದವರಿಗೂ ಇದೇ ಆಗುತ್ತದೆ. ಗಟ್ಟಿ ಪ್ರೋಟೀನ್ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ತಡೆಯೇ ಆಪರೇಷನ್ನಿನ ಉಪಯೋಗ. ನನ್ನ ಡ್ರಾಯರಿನಲ್ಲಿ ಹುರಿಗಡಲೆ ಡಬ್ಬಿ ಇದೆ. ಟೀ ಬಂದಾಗ ಅದರಲ್ಲಿ ಒಂದು ಸಣ್ಣ ಹಿಡಿ, ನುಣ್ಣಗೆ ಅಗಿದು. ಟೀ ಆಮೇಲೆ.

ತೂಕ ಇಳಿಸಲು ಮಾಡುವ ಇನ್ನೊಂದು ಆಪರೇಷನ್ ಗ್ಯಾಸ್ಟ್ರಿಕ್ ಬೈಪಾಸ್, ಅದರಲ್ಲಿ ಹೊಟ್ಟೆಯ ಒಂದು ಪುಟ್ಟ ಚೀಲವನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅದನ್ನು ಮಾಡಿಸಿಕೊಂಡವರಿಗೆ ಸಿಹಿಯ ತೊಂದರೆ ಹೆಚ್ಚು. ಒಂದು ಒಬ್ಬಟ್ಟು ತಿಂದರೆ ಬೆವರು, ಎದೆ ಬಡಿತ, ಹೊಟ್ಟೆ ನುಲಿತ, ಭೇದಿ. ಸಕ್ಕರೆ ಸರ್ರನೆ ಸಣ್ಣ ಕರುಳಿಗೆ ಇಳಿಯುವುದರಿಂದ ಹೀಗಾಗುತ್ತದೆ, ಡಂಪಿಂಗ್ ಅನ್ನುತ್ತಾರೆ. ಸ್ಲೀವ್ ಆದವರಿಗೂ ಕೆಲವೊಮ್ಮೆ ಆಗಬಹುದು. ನನಗೆ ಯುಗಾದಿಯ ಒಬ್ಬಟ್ಟು ಕಾಲು ಭಾಗ ಒಗ್ಗುತ್ತದೆ.

ಮಾತ್ರೆಗಳ ವಿಷಯ ಹೇಳಲೇಬೇಕು. ಊಟ ಸರಿಹೋಯಿತು ಅಂದಕೂಡಲೇ ಜನ ಬಿಡುವುದು ಅದನ್ನೇ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಇವು ಜೀವನಪೂರ್ತಿ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಬೇಕು. ಕಬ್ಬಿಣದ ಮಾತ್ರೆ ಮೇಲೆ ಟೀ ಕುಡಿಯಬಾರದು. ಮೂರನೇ ತಿಂಗಳಿಂದ ಆರರ ತನಕ ಅನೇಕರಿಗೆ ಕೂದಲು ಹಿಡಿ ಹಿಡಿಯಾಗಿ ಉದುರುತ್ತದೆ, ನನಗೂ ಉದುರಿತು. ತೂಕ ಬೇಗ ಇಳಿದಾಗ ಹಾಗಾಗುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಆದರೆ ಒಂದು ವಿಷಯದಲ್ಲಿ ಕಾಯುವ ಹಾಗಿಲ್ಲ. ತಿಂದದ್ದೆಲ್ಲ ವಾಂತಿಯಾಗುತ್ತಾ ದಿನ ಕಳೆಯುತ್ತಿದ್ದರೆ, ನೀರೂ ನಿಲ್ಲದಿದ್ದರೆ, "ಆಪರೇಷನ್ ಆದ್ಮೇಲೆ ಹಂಗೇನೇ" ಅಂತ ಸುಮ್ಮನಿರಬೇಡಿ. ವಿಟಮಿನ್ ಬಿ1 ತೀರಾ ಕಡಿಮೆಯಾಗಿ ನರಕ್ಕೆ, ಮೆದುಳಿಗೆ ಪೆಟ್ಟು ಬೀಳಬಹುದು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ನೀವು ಈ ಆಪರೇಷನ್ನಿಗೆ ತಯಾರಾಗುತ್ತಿದ್ದರೆ, ಡಯಟೀಷಿಯನ್ ಹತ್ತಿರ ಹೋಗುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಮ್ಮ ಇರಲಿ, ಹೆಂಡತಿ ಇರಲಿ, ಅಡುಗೆಗೆ ಬರುವವರಿರಲಿ. ಆಪರೇಷನ್ನಿಗೆ ಮುಂಚೆಯೇ ಹೋಗಿ, ಆಮೇಲೆ ನಿಮಗೆ ಮಾತಾಡುವಷ್ಟು ಶಕ್ತಿ ಇರುವುದಿಲ್ಲ. ನಿಮ್ಮ ಮನೆಯ ಅಡುಗೆಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಪ್ರಶ್ನೆಗಳನ್ನು ಅಡುಗೆ ಮಾಡುವವರೇ ಕೇಳಲಿ. ಮುದ್ದೆಯೋ ರೊಟ್ಟಿಯೋ ಯಾವ ವಾರದಿಂದ, ಬೇಳೆ ಎಷ್ಟು ಗಟ್ಟಿ ಇರಬೇಕು, ಒಗ್ಗರಣೆಗೆ ಎಷ್ಟು ಎಣ್ಣೆ, ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು. ಉತ್ತರಗಳನ್ನು ಕನ್ನಡದಲ್ಲೇ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ.